ಟ್ಯಾಂಕರ್ ಮೇಲಿನ ಮಾವುತ

ಪುಣೆಯಲ್ಲಿ ಮಾಧ್ಯಮ ಓದುತ್ತಿರುವ ನನ್ನ ಮಗಳಿಗೂ ಅವಳ ಮೂವರು ಸಹಪಾಠಿಗಳಿಗೂ ಈ ಮಳೆಗಾಲದಲ್ಲಿ ತರಗತಿಯಿಂದ ಒಂದು ಕೆಲಸ ಬಂದಿತ್ತು. ಯಾವುದಾದರೂ ಹಾಡಿನ ವಿಡಿಯೊದಿಂದ ಒಟ್ಟು 40 ಸೆಕೆಂಡು ಆರಿಸಿಕೊಂಡು, ಅದನ್ನು ಶಾಟ್‌ನಿಂದ ಶಾಟ್‌ಗೆ ಹಾಗೇ ಮತ್ತೆ ತೆಗೆಯಬೇಕು. ಕ್ಯಾಮೆರಾದ ಎತ್ತರ, ಕೋನ, ಬೆಳಕು ಬೀಳುವ ದಿಕ್ಕು, ಕಟ್ ಆಗುವ ಕ್ಷಣ ಎಲ್ಲವೂ ಮೂಲದಂತೆಯೇ ಇರಬೇಕು. ಕೊನೆಗೆ ಪರದೆಯ ಎಡಕ್ಕೆ ಮೂಲ, ಬಲಕ್ಕೆ ನಕಲು, ಎರಡನ್ನೂ ಒಟ್ಟಿಗೆ ಓಡಿಸಿ ತರಗತಿಗೆ ತೋರಿಸಬೇಕು. ದೂರದರ್ಶನದ ಕಾಲದ ಲೆಕ್ಕದಲ್ಲಿ ಸೆಕೆಂಡಿಗೆ 25 ಫ್ರೇಮು, ಅಂದರೆ 1000 ಚಿತ್ರಗಳು.

ಅವರು ಆರಿಸಿದ್ದು ‘ಮಿಲೇ ಸುರ್ ಮೇರಾ ತುಮ್ಹಾರಾ’. ಕುಣಿತ ಇಲ್ಲ, ಸುಲಭ ಎಂಬುದು ಅವರ ಕಾರಣ. ನನಗೆ ಅದು ಬೇರೆಯೇ ವಸ್ತು. 1988ರ ಆಗಸ್ಟ್ 15ರಂದು ಅದು ಮೊದಲು ಪ್ರಸಾರವಾದಾಗ ನನಗೆ ಹನ್ನೆರಡು ವರ್ಷ. ಪಕ್ಕದ ಮನೆಯ ಟೀವಿ ಮುಂದೆ ಕೂತು ಕನ್ನಡದ ಸಾಲು ಬರುವುದನ್ನೇ ಕಾಯುತ್ತಿದ್ದೆವು, ಬಂದ ಕೂಡಲೇ ಯಾರೋ ಸಂಬಂಧಿಕರು ಕಂಡವರ ಹಾಗೆ ಕೂಗುತ್ತಿದ್ದೆವು. ಹಾಡು ಶುರುವಾಗುವುದೇ ಭೀಮಸೇನ ಜೋಶಿಯವರಿಂದ. ಜಲಪಾತದ ಬಳಿ ನಿಂತು, ನಮ್ಮ ಗದಗಿನವರು, ಹಿಂದಿಯಲ್ಲಿ ಹಾಡುತ್ತಿದ್ದಾರೆ. ಪುಣೆಗೆ ಬಂದ ಮೇಲೆ ಗೊತ್ತಾಯಿತು, ಇಲ್ಲಿಯವರಿಗೆ ಅವರು ಪುಣೆಯವರು.

ಹುಡುಗರು ಎರಡು ತುಣುಕು ಇಟ್ಟುಕೊಂಡರು: ಶುರುವಿನ ಜಲಪಾತ, ಮತ್ತು ಮಲಯಾಳಂ ಸಾಲು ಬರುವಾಗ ಆನೆಯ ಮೇಲೆ ಕಾಣುವ ಮಾವುತ.

ಜಲಪಾತಕ್ಕೆ ಪುಣೆಯಲ್ಲಿ ಮಳೆಗಾಲದಲ್ಲಿ ಬರವಿಲ್ಲ. ಗಾಯಕನ ಪಾತ್ರಕ್ಕೆ ಗುಂಪಿನ ಒಬ್ಬ ಹುಡುಗ ತಯಾರಾದ. ಅಜ್ಜನ ಕುರ್ತಾ ಹಾಕಿಕೊಂಡು ಎರಡು ದಿನ ಕನ್ನಡಿ ಮುಂದೆ ತುಟಿ ಆಡಿಸಿದ. ತುಟಿ ಕೂಡುತ್ತಿತ್ತು, ಆದರೆ ಏನೋ ಸುಳ್ಳು ಕಾಣುತ್ತಿತ್ತು. ಮೂಲವನ್ನು ನಿಧಾನಗತಿಯಲ್ಲಿ ನೋಡಿದಾಗ ತಿಳಿಯಿತು, ಹಾಡುವುದು ಬಾಯಲ್ಲ, ಕತ್ತು, ಭುಜ, ಕೈ. ಕೊನೆಗೆ ಅವನು ಜಲಪಾತದ ಎದುರು ನಿಂತು ನಿಜವಾಗಿಯೇ ಹಾಡಿದ. ಶ್ರುತಿ ಇಲ್ಲ, ತಾಳ ಇಲ್ಲ, ಆದರೆ ಗಂಟಲು ಕಿತ್ತುಹೋಗುವ ಹಾಗೆ. ಆಗ ಶಾಟ್ ಸರಿ ಬಂತು. ‘ಅಂಕಲ್, ಒಂದು ಸ್ವರವನ್ನು ಅಷ್ಟು ಹೊತ್ತು ಹಿಡಿಯೋದು ಎಷ್ಟು ಕಷ್ಟ ಅಂತ ಗೊತ್ತೇ ಇರಲಿಲ್ಲ’ ಎಂದು ನಮ್ಮ ಮನೆಯಲ್ಲಿ ಕೂತು ಬಿಸಿನೀರು ಕುಡಿಯುತ್ತ ಹೇಳಿದ.

ನಕಲು ಮಾಡಿ ಕಲಿಯುವುದು ಅಂದರೆ ಇದೇ ಇರಬೇಕು. ಭೀಮಸೇನರೂ ಹುಡುಗನಾಗಿದ್ದಾಗ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿಯೇ ಮನೆ ಬಿಟ್ಟು ಓಡಿದ್ದು. ಹಾಗೆ ಹಾಡಬೇಕು ಎಂಬ ಹಟ. ಊರೂರು ಅಲೆದು, ಕೊನೆಗೆ ಮನೆಗೆ ಹತ್ತಿರದ ಕುಂದಗೋಳದಲ್ಲೇ ಸವಾಯಿ ಗಂಧರ್ವರ ಬಳಿ ಆ ಹಟಕ್ಕೆ ದಾರಿ ಸಿಕ್ಕಿತು. ಇನ್ನೊಬ್ಬರ ಹಾಗೆ ಆಗಲು ಹೊರಟವನ ಕಂಠ ಮುಂದೆ ಯಾರಿಗೂ ಗುರುತು ತಪ್ಪದಂಥ ಕಂಠವಾಯಿತು.

ತೊಂದರೆ ಆದದ್ದು ಎರಡನೇ ತುಣುಕಿನಲ್ಲಿ.

ಆನೆ ಎಲ್ಲಿಂದ ತರುವುದು? ನಮ್ಮ ಸೊಸೈಟಿಗೆ ಮಳೆಗಾಲದಲ್ಲೂ ವಾರಕ್ಕೆ ಎರಡು ಸಲ ಹತ್ತು ಸಾವಿರ ಲೀಟರಿನ ಟ್ಯಾಂಕರ್ ಬರುತ್ತದೆ (ಹೊರವಲಯದ ಬಡಾವಣೆಗಳಲ್ಲಿ ಮನೆ ಕೊಂಡವರಿಗೆ ಈ ಕತೆ ಹೇಳಬೇಕಿಲ್ಲ). ಮಗಳ ತಲೆಗೆ ಹೊಳೆಯಿತು: ಟ್ಯಾಂಕರೇ ಆನೆ, ಅದರ ಮೇಲೆ ಕೂತ ಚಾಲಕನೇ ಮಾವುತ. ಚಾಲಕ ಇಂಡಿ ಕಡೆಯವರು, ನಲವತ್ತೈದರ ಆಸುಪಾಸು. ನನ್ನೊಂದಿಗೆ ಕನ್ನಡ ಮಾತಾಡುವುದಕ್ಕೆಂದೇ ಪೈಪು ಹಾಕಿ ಗೇಟಿನ ಬಳಿ ನಿಲ್ಲುತ್ತಾರೆ. ಕೇಳಿದ ಕೂಡಲೇ ಒಪ್ಪಿದರು. ಟವೆಲ್ಲನ್ನು ಹಾಗೆ ಸುತ್ತಲಾ ಹೀಗೆ ಸುತ್ತಲಾ ಎಂದು ಅವರೇ ಕೇಳಿದರಂತೆ. ಫೋನಿನಲ್ಲಿ ಮಲಯಾಳಂ ಸಾಲನ್ನು ಮತ್ತೆ ಮತ್ತೆ ಹಾಕಿ ಬಾಯಿಪಾಠ ಮಾಡಿಸಿದರು. ಒಟ್ಟು ನಾಲ್ಕು ಟೇಕು. ನಾಲ್ಕನೆಯದರಲ್ಲಿ ಅವರು ಗಂಭೀರವಾಗಿ, ದೂರ ನೋಡುತ್ತ, ಸಾಲನ್ನು ಪೂರ್ತಿ ಒಪ್ಪಿಸಿದ್ದಾರೆ. ಎರಡನೆಯದರಲ್ಲಿ ನಡುವೆ ಸಾಲು ಮರೆತು, ಕ್ಯಾಮೆರಾ ಕಡೆ ತಿರುಗಿ, ಹಲ್ಲು ಬಿಟ್ಟು, ‘ಆತೇನ್ರೀ?’ ಎಂದು ಕೇಳಿದ್ದಾರೆ.

ತರಗತಿಗೆ ತೋರಿಸಿದ್ದು ಎರಡನೆಯದನ್ನು.

ಎಡಕ್ಕೆ ಆನೆ, ಬಲಕ್ಕೆ ಟ್ಯಾಂಕರ್. ಎಡಕ್ಕೆ ಶಾಂತವಾಗಿ ಹಾಡುವ ಮಾವುತ, ಬಲಕ್ಕೆ ಹಲ್ಲು ಬಿಟ್ಟ ಚಾಲಕ. ತರಗತಿ ಬಿದ್ದು ಬಿದ್ದು ನಕ್ಕಿತಂತೆ, ಅಂಕವೂ ಚೆನ್ನಾಗಿ ಬಂತು. ಸಂಜೆ ಮಗಳು ನಮಗೆ ತೋರಿಸಿದಾಗ ನಾನೂ ನಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರೆಯುವುದೆಲ್ಲ ಆ ನಗು ನಿಂತ ಮೇಲೆ ಹೊಳೆದದ್ದು.

ತೀನಂಶ್ರೀಯವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಪರೀಕ್ಷೆಗೆಂದು ಓದಿದವರಿಗೆ ಶಂಕುಕ ನೆನಪಿರಬಹುದು. ನಟ ಮಾಡುವುದು ಅನುಕರಣೆ, ನಾವು ಅವನನ್ನು ನೋಡುವುದು ಚಿತ್ರದ ಕುದುರೆಯನ್ನು ಕುದುರೆ ಎಂದು ನೋಡುವ ಹಾಗೆ ಎಂದು ಅವನ ವಾದ. ಭಟ್ಟತೌತ, ಅವನ ಶಿಷ್ಯ ಅಭಿನವಗುಪ್ತ ಇದನ್ನು ಒಪ್ಪಲಿಲ್ಲ. ರಾಮನನ್ನು ಯಾರು ಕಂಡಿದ್ದಾರೆಂದು ನಟ ಅವನನ್ನು ಅನುಕರಿಸುತ್ತಾನೆ ಎನ್ನುವುದು? ಅಭಿನವಗುಪ್ತನ ಇನ್ನೊಂದು ಮಾತು ನನಗೆ ಈಗ ಹೆಚ್ಚು ಬೇಕಾಗಿರುವುದು. ಇನ್ನೊಬ್ಬರ ಚೇಷ್ಟೆಯನ್ನು ಅನುಕರಿಸಿದರೆ ಹುಟ್ಟುವುದು ನಗೆ ಎಂದು ಭರತನೇ ಹೇಳಿದ್ದಾನೆ. ಹಾಗಿರುವಾಗ ಬರಿಯ ಅನುಕರಣೆಯಿಂದ ಶೃಂಗಾರ, ಕರುಣ ಹೇಗೆ ಹುಟ್ಟೀತು? ಕಾಲೇಜಿನಲ್ಲಿ ಇದು ನನಗೆ ಕೂದಲು ಸೀಳುವ ವಾದ ಅನ್ನಿಸಿತ್ತು. ಈಗ ಅದು ನಮ್ಮ ಹಾಲ್‌ನ ಟೀವಿಯ ಮೇಲೆ ನಡೆದ ಸಂಗತಿ.

ಆದರೆ ಆ ನಗು ಯಾರ ಮೇಲೆ ಬಿತ್ತು ಎಂಬುದನ್ನು ನೋಡಬೇಕು. ಜಲಪಾತದ ಹುಡುಗನನ್ನು ನೋಡಿಯೂ ಒಂದಷ್ಟು ಜನ ನಕ್ಕರು. ಅದು ಅವನ ಮೇಲೆಯೇ ಬಿದ್ದ ನಗು: ಎಲ್ಲಿಯ ಭೀಮಸೇನ, ಎಲ್ಲಿಯ ನೀನು! ತನಗಿಂತ ದೊಡ್ಡವನೊಬ್ಬನ ಜಾಗದಲ್ಲಿ ನಿಲ್ಲಲು ಹೋಗಿ ಎಡವಿದವನಿಗೆ ಸಲ್ಲಬೇಕಾದ ನಗು, ಅವನಿಗೂ ಅದು ಗೊತ್ತಿತ್ತು. ಚಾಲಕರು ಯಾರನ್ನೂ ಅನುಕರಿಸಲು ಹೊರಟವರಲ್ಲ. ಪರಿಚಿತರ ಮಗಳು ಕೇಳಿದಳೆಂದು ಮೇಲೆ ಹತ್ತಿ ಕೂತವರು. ಅವರು ಎಡವಿದ್ದು ನಾವು ಕೊಟ್ಟ ಸಾಲಿನಲ್ಲಿ, ಅವರದಲ್ಲದ ಭಾಷೆಯಲ್ಲಿ.

ಇದನ್ನು ಹೇಳಿದಾಗ ಮಗಳಿಗೆ ಸಿಟ್ಟು ಬಂತು. ‘ಅಪ್ಪಾ, ಅವರೇ ನಗ್ತಾ ಇದ್ರು. ಕೇಳಿಯೇ ಶೂಟ್ ಮಾಡಿದ್ವಿ. ಚಹಾ ಕೊಡಿಸಿದ್ವಿ.’ ಎಲ್ಲವೂ ನಿಜ. ನಾನು ಒಂದೇ ಕೇಳಿದೆ: ಜಲಪಾತದ ಹುಡುಗನ ಕೆಟ್ಟ ಟೇಕುಗಳೂ ಇದ್ದವಲ್ಲ, ಒಂದರಲ್ಲಿ ಅವನು ಕಾಲು ಜಾರಿ ಕೂತುಬಿಟ್ಟಿದ್ದಾನೆ, ಅದು ಇನ್ನೂ ತಮಾಷೆಯಾಗಿತ್ತು, ಅದನ್ನು ಏಕೆ ಹಾಕಲಿಲ್ಲ? ‘ಅವನು ಬೇಡ ಅಂದ,’ ಎಂದಳು. ಎಡಿಟಿಂಗ್ ಮಾಡುವಾಗ ಅವನು ಪಕ್ಕದಲ್ಲೇ ಕೂತಿದ್ದ.

ಅಷ್ಟೇ ವ್ಯತ್ಯಾಸ ಎಂದು ನನಗೆ ಅನ್ನಿಸಿದ್ದು. ಚಿತ್ರ ತೆಗೆಯಲು ಇಬ್ಬರೂ ಒಪ್ಪಿದ್ದರು. ಯಾವ ಚಿತ್ರ ಉಳಿಯಬೇಕು ಎಂದು ತೀರ್ಮಾನಿಸುವ ಹೊತ್ತಿಗೆ ಒಬ್ಬ ಕಂಪ್ಯೂಟರ್ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದ, ಇನ್ನೊಬ್ಬರು ಯಾವುದೋ ಸೊಸೈಟಿಯ ಸಂಪಿಗೆ ಪೈಪು ಹಾಕುತ್ತಿದ್ದರು.

ಇದರಲ್ಲಿ ನನ್ನ ಸ್ವಂತ ಹುಣ್ಣೂ ಇದೆ, ಮುಚ್ಚಿಡುವುದಿಲ್ಲ. ಪುಣೆಗೆ ಹೊಸದಾಗಿ ಬಂದಾಗ ಆಫೀಸಿನಲ್ಲಿ ನನ್ನ ಹಿಂದಿಯನ್ನು ಅಣಕಿಸುವುದು ಊಟದ ಹೊತ್ತಿನ ಕಾರ್ಯಕ್ರಮವಾಗಿತ್ತು. ಕನ್ನಡಿಗನ ಹಿಂದಿಯಲ್ಲಿ ಬಸ್ಸು ಗಂಡು, ರೈಲು ಇನ್ನೊಂದು ದಿನ ಹೆಣ್ಣು. ‘ಪಡೋಸನ್’ (1968) ಚಿತ್ರದ ಮೆಹಮೂದ್ ನಂತರ ದಕ್ಷಿಣದವರೆಲ್ಲ ಹೀಗೇ ಎಂಬ ಅಚ್ಚು ಸಿದ್ಧವಿತ್ತು, ನಾನು ಬಂದು ಕೂತರೆ ಸಾಕಿತ್ತು. ನಾನೂ ನಗುತ್ತಿದ್ದೆ. ನಗದಿದ್ದರೆ ಇನ್ನೂ ಹೆಚ್ಚು ಕಾಡುತ್ತಾರೆಂದು ನಕ್ಕೆನೋ, ನಿಜವಾಗಿ ತಮಾಷೆ ಅನ್ನಿಸಿತೋ ಈಗಲೂ ಬಿಡಿಸಿ ಹೇಳಲಾರೆ. ಆದ್ದರಿಂದ ‘ಅವರೇ ನಗ್ತಾ ಇದ್ರು’ ಎಂಬ ಮಾತು ನನ್ನ ಮಟ್ಟಿಗೆ ಏನನ್ನೂ ಸಾಬೀತು ಮಾಡುವುದಿಲ್ಲ. ಹಾಗೆಂದು ನಾನೇನು ಸಾಧುವಲ್ಲ. ಹತ್ತು ವರ್ಷ ಕಳೆದ ಮೇಲೆ ಅದೇ ಮೇಜಿನಲ್ಲಿ ಬಿಹಾರದ ಹುಡುಗನೊಬ್ಬನ ಇಂಗ್ಲಿಷನ್ನು ಅಣಕಿಸಿ ನಗಿಸಿದವನು ನಾನೇ.

ನಡುವೆ ಒಂದು ಮಾತು. ಅದೇ ಹಾಡನ್ನು 2010ರ ಗಣರಾಜ್ಯೋತ್ಸವಕ್ಕೆ, ಮೂಲ ತಂಡದ ಕೈಲಾಶ್ ಸುರೇಂದ್ರನಾಥರೇ ಮತ್ತೆ ತೆಗೆದರು. ಮೊದಲಿನದಕ್ಕಿಂತ ಎರಡು ಪಟ್ಟಿಗೂ ಉದ್ದ. ಸಿನಿಮಾ ತಾರೆಯರೇ ತುಂಬಿಹೋದರು ಎಂದು ಆಗ ಜನ ಬೈದಿದ್ದರು, ನಾನೂ ಬೈದಿದ್ದೆ. ಮಲಯಾಳಂ ಸಾಲಿಗೆ ಮಾವುತನ ಬದಲು ಯೇಸುದಾಸ್. ಹೆಸರಿಲ್ಲದ ಮುಖಗಳು ಹೋಗಿ ಹೆಸರಿರುವ ಮುಖಗಳು ಬಂದವು. ಈಗ ನನಗೆ ಇನ್ನೊಂದು ಪ್ರಶ್ನೆಯೂ ಕಾಡುತ್ತದೆ. ಹೆಸರಿರುವವರು ತಾವು ಹೇಗೆ ಕಾಣುತ್ತೇವೆಂದು ತಿಳಿದು ಕ್ಯಾಮೆರಾ ಮುಂದೆ ಬರುತ್ತಾರೆ, ಸರಿಯಾಗದಿದ್ದರೆ ಇನ್ನೊಂದು ಟೇಕು ಕೇಳುತ್ತಾರೆ. 1988ರ ಆ ಮಾವುತನನ್ನು ಯಾರಾದರೂ ಕೇಳಿದ್ದರೇ? ನಾವು ಕನ್ನಡದ ಸಾಲಿಗೆ ಕೂಗಿದ ಹಾಗೆ ಅವನ ಮಕ್ಕಳು ಯಾರದೋ ಮನೆಯ ಟೀವಿ ಮುಂದೆ ಕೂಗಿದ್ದರೇ? ಒಂದು ಮಾತಂತೂ ಹೇಳಬಹುದು, ಆ ಚಿತ್ರದಲ್ಲಿ ಅವನನ್ನು ನೋಡಿ ಯಾರಿಗೂ ನಗು ಬರುವುದಿಲ್ಲ. ತೆಗೆದವರು ಅವನಿಗೆ ಭೀಮಸೇನರಿಗೆ ಕೊಟ್ಟಷ್ಟೇ ಆಕಾಶ ಕೊಟ್ಟಿದ್ದಾರೆ. ನಮ್ಮ ಹುಡುಗರು ಕೋನ, ಎತ್ತರ, ಬೆಳಕು ಎಲ್ಲ ಅಳೆದು ನಕಲು ಮಾಡಿದರು. ಇದೊಂದು ಅಳತೆಗೆ ಸಿಗಲಿಲ್ಲ.

ಚಾಲಕರು ಪ್ರತಿ ಸಲ ಬಂದಾಗಲೂ ಕೇಳುತ್ತಿದ್ದರು, ‘ನಮ್ಮ ಪಿಚ್ಚರ್ ಯಾವಾಗ ಬರ್ತದ್ರೀ ಸಾಹೇಬ್ರ?’ ಹೆಂಡತಿ ಊರಲ್ಲಿದ್ದಾಳೆ, ಅವಳಿಗೆ ಕಳಿಸಬೇಕು. ನಾನು ಏನೋ ಹೇಳಿ ಒಳಗೆ ಬರುತ್ತಿದ್ದೆ. ಮಗಳು ಬಾಲ್ಕನಿಯಿಂದ ನೋಡಿ, ಟ್ಯಾಂಕರ್ ಹೋದ ಮೇಲೆಯೇ ಕೆಳಗಿಳಿಯತೊಡಗಿದಳು. ಅವಳಿಗೆ ಯಾರೂ ಬುದ್ಧಿ ಹೇಳಬೇಕಿಲ್ಲ ಎಂದು ನನಗೆ ಆಗ ಗೊತ್ತಾಯಿತು.

ಒಂದು ರಾತ್ರಿ ಅವಳು ಕೂತು ಇನ್ನೊಂದು ಪ್ರತಿ ಮಾಡಿದಳು, ನಾಲ್ಕನೇ ಟೇಕು ಹಾಕಿ. ನೋಡಲು ನಿಜಕ್ಕೂ ಚೆನ್ನಾಗಿತ್ತು, ಟ್ಯಾಂಕರ್ ಹೆಚ್ಚುಕಡಿಮೆ ಆನೆಯಂತೆಯೇ ಕಂಡಿತು. ‘ಇದನ್ನು ಅವರಿಗೆ ಕೊಡ್ತೇನೆ,’ ಎಂದಳು. ನಾನು ಕೇಳಿದೆ, ತರಗತಿ ನೋಡಿದ್ದು ಇದಲ್ಲವೆಂದು ಹೇಳುತ್ತೀಯಾ? ಅವಳ ಉತ್ತರಕ್ಕೆ ನನ್ನ ಬಳಿ ಮರುಮಾತಿರಲಿಲ್ಲ. ‘ಹೇಳಿದ್ರೆ ನನಗೆ ಹಗುರ ಆಗುತ್ತೆ. ಅವರಿಗೆ ಭಾರ ಆಗುತ್ತೆ. ನನ್ನ ಭಾರ ಇಳಿಸೋಕೆ ಅವರನ್ನೇ ಮತ್ತೆ ಬಳಸಲಾ?’ ಹೇಳದಿದ್ದರೆ ಅವರ ಬಗ್ಗೆ ಒಂದು ಕೋಣೆ ತುಂಬ ಜನಕ್ಕೆ ಗೊತ್ತಿರುವುದು ಅವರಿಗೊಬ್ಬರಿಗೇ ಗೊತ್ತಿರುವುದಿಲ್ಲ ಎಂದು ನಾನು ವಾದಿಸಿದೆ. ನಿಜ ಹೇಳುವುದು ಯಾವಾಗಲೂ ಹೇಳುವವನ ಒಳ್ಳೆಯದಕ್ಕೇ ಇರುತ್ತದೆ ಎಂದೇನಿಲ್ಲ, ಆದರೆ ಯಾವುದನ್ನು ತಡೆದುಕೊಳ್ಳಬಲ್ಲರು ಎಂದು ಅವರ ಪರವಾಗಿ ನಾವು ತೀರ್ಮಾನಿಸುವುದೂ ಎಡಿಟಿಂಗೇ. ಮಾತು ಅಲ್ಲಿಗೆ ನಿಂತಿತು.

ಸೋಮವಾರ ಟ್ಯಾಂಕರ್ ಬಂದಾಗ ಅವಳೇ ಕೆಳಗಿಳಿದಳು. ಸಂಪು ತುಂಬುತ್ತಿತ್ತು. ಅವರು ಕೈ ಒರೆಸಿಕೊಂಡು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮೂರು ಸಲ ನೋಡಿದರು. ‘ಬಾಯಿ ಕರೆಕ್ಟ್ ಕೂಡ್ಯಾದಲ್ಲ,’ ಎಂದರು, ಬಹಳ ಸಂತೋಷದಿಂದ. ಆಮೇಲೆ, ‘ನಾ ನಕ್ಕಿದ್ದು ಒಂದಿತ್ತಲ್ಲವಾ, ಅದ್ಯಾಕ ತಗದ್ರಿ? ನನ್ನ ಹೆಂಡ್ತಿಗೆ ಅದ ಚಂದ ಕಾಣ್ತಿತ್ತು.’

ಮಗಳು ನನ್ನ ಮುಖ ನೋಡಿದಳು. ನಾನು ಪೈಪಿನ ಕಡೆ ನೋಡಿದೆ.

‘ಅದೂ ಇದೆ, ಕಳಿಸ್ತೇನೆ,’ ಎಂದಳು. ಸಂಜೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದಳು, ಆ ತುಣುಕನ್ನಲ್ಲ, ತರಗತಿಗೆ ತೋರಿಸಿದ ಇಡೀ 40 ಸೆಕೆಂಡನ್ನು, ಎಡಕ್ಕೆ ಆನೆ ಬಲಕ್ಕೆ ಟ್ಯಾಂಕರ್ ಇರುವುದನ್ನು. ಕೆಳಗೆ ಕನ್ನಡದಲ್ಲಿ, ಅಲ್ಲಲ್ಲಿ ಕಾಗುಣಿತ ತಪ್ಪಿ, ‘ಕ್ಲಾಸಲ್ಲಿ ಇದನ್ನು ತೋರಿಸಿದ್ವಿ, ಎಲ್ಲರೂ ನಕ್ಕರು, ನಿಮ್ಮನ್ನು ಕೇಳಿ ತೋರಿಸಬೇಕಿತ್ತು’ ಎಂದು ಬರೆದಳು. ಎರಡು ನೀಲಿ ಗೆರೆ ಬಿದ್ದವು, ಉತ್ತರ ಬಂದಿಲ್ಲ. ಮುಂದಿನ ಟ್ಯಾಂಕರ್ ಗುರುವಾರ.