ಚಂದ್ರನ ನೆಲದ ಮೇಲೆ ಮುರಿಯಲ್ಪಟ್ಟ ರೊಟ್ಟಿ

ಹಿರೇಕೆರೂರು ಸೀಮೆಯ ನಮ್ಮ ಗ್ರಾಮಸಭೆಗಳವರು ಚಂದ್ರನನ್ನು ಪಟ್ಟಣದವರಿಗಿಂತ ಹೆಚ್ಚಾಗಿ ಬಲ್ಲವರು. ಮದಗಮಾಸೂರ ಕೆರೆಯ ನೀರಿನ ಮೇಲೆ ಅವನ ಬೆಳಕು ಹರಡುವದನ್ನೂ, ಕಾರಹುಣ್ಣಿಮೆಯ ಹೊತ್ತಿಗೆ ಮೋಡಗಳು ಅವನನ್ನು ಮುಚ್ಚುವದನ್ನೂ ಬಾಲ್ಯದಿಂದ ಕಾಣುತ್ತಾ ಬಂದಿದ್ದೇವೆ. ನಮ್ಮ ಪುನರುತ್ಥಾನದ ಹಬ್ಬವು ಸಹ ಮಾರ್ಚಿ ತಿಂಗಳ 21ನೆಯ ತಾರೀಖಿನ ತರುವಾಯದ ಹುಣ್ಣಿಮೆಯನ್ನು ನೋಡಿಯೇ ಗೊತ್ತುಮಾಡಲ್ಪಡುತ್ತದೆ. ಆದಿಕಾಂಡದ ಮೊದಲನೆಯ ಅಧ್ಯಾಯವನ್ನು ಲಕ್ಷ್ಯವಿಟ್ಟು ಓದುವವರು ಒಂದು ಸಂಗತಿಯನ್ನು ಕಂಡಿರಬಹುದು. ಅಲ್ಲಿ ಚಂದ್ರನಿಗೆ ಹೆಸರೇ ಇಲ್ಲ. ಅವನು ಬರೇ ಒಂದು ದೀಪ. ಹಚ್ಚಿದಾತನು ಬೇರೆ ಇದ್ದಾನೆ.

ಮನುಷ್ಯನು ಆ ದೀಪದ ಮೇಲೆ ಕಾಲಿಟ್ಟು ಬಂದು ಐವತ್ತು ವರುಷಗಳಿಗೂ ಮಿಕ್ಕಿ ಆಯಿತು. ಆದಾಗ್ಯೂ ನಮ್ಮ ಸಭೆಗಳಲ್ಲಿ ಎರಡು ಮಾತುಗಳು ಇಂದಿಗೂ ಕೇಳಿಬರುತ್ತವೆ. ಹಿರಿಯರಲ್ಲಿ ಕೆಲವರು ಅದೆಲ್ಲಾ ಕಟ್ಟುಕಥೆ ಎನ್ನುತ್ತಾರೆ. ಶಾಲೆ ಕಲಿತ ಎಳೆಯರಲ್ಲಿ ಕೆಲವರು, ಅಲ್ಲಿಯ ವರೆಗೆ ಹೋದವರಿಗೆ ದೇವರು ಎಲ್ಲಿ ಸಿಕ್ಕಿದನು ಎಂದು ಕೇಳುತ್ತಾರೆ. ಮೊದಲನೆಯದಕ್ಕೆ ಉತ್ತರ ಸುಲಭ. ಹೋದವರು ಒಟ್ಟು 382 ಕಿಲೋ ಕಲ್ಲುಮಣ್ಣನ್ನು ಹೊತ್ತು ತಂದರು. ಅದನ್ನು ಅನೇಕ ದೇಶಗಳ ಪಂಡಿತರು ಪರೀಕ್ಷಿಸಿದ್ದಾರೆ. ಅವರು ಅಲ್ಲಿ ಇಟ್ಟುಬಂದ ಕನ್ನಡಿಗಳಿಗೆ ಇಲ್ಲಿಂದ ಬಿಟ್ಟ ಬೆಳಕು ಇಂದಿಗೂ ತಿರುಗಿ ಬರುತ್ತದೆ. ನಮ್ಮ ದೇಶದ ಚಂದ್ರಯಾನ-2ರ ಸುತ್ತುನೌಕೆಯು ಅವರು ಇಳಿದ ಸ್ಥಳದ ಚಿತ್ರವನ್ನು ತೆಗೆದಿದೆ. ಎರಡನೆಯದಕ್ಕೆ ಉತ್ತರ ಅಷ್ಟು ಸುಲಭವಲ್ಲ. ಅದಕ್ಕಾಗಿ ಹೋದವರ ವೃತ್ತಾಂತವನ್ನೇ ವಿಚಾರಿಸಬೇಕು.

ಆ ಕಾರ್ಯವು ಮರಣದಿಂದ ಮೊದಲಾಯಿತು. 1967ನೆಯ ಜನವರಿ 27ರಂದು, ನೌಕೆಯು ನೆಲದ ಮೇಲೆಯೇ ಇದ್ದು ಪರೀಕ್ಷೆ ನಡೆಯುತ್ತಿರಲಾಗಿ, ಒಳಗೆ ಬೆಂಕಿ ಹುಟ್ಟಿ ಗ್ರಿಸಮ್, ವೈಟ್, ಚಾಫಿ ಎಂಬ ಮೂವರು ಸತ್ತರು. ಮರುವರುಷದ ಡಿಸೆಂಬರಿನಲ್ಲಿ ಬೋರ್ಮನ್, ಲೊವೆಲ್, ಆಂಡರ್ಸ್ ಎಂಬವರು ಅಪೋಲೋ-8ರಲ್ಲಿ ಕೂತು ಚಂದ್ರನನ್ನು ಹತ್ತು ಸಾರಿ ಸುತ್ತಿ ಬಂದರು. ಕ್ರಿಸ್ಮಸ್ಸಿನ ಹಿಂದಿನ ರಾತ್ರಿ, ಅಂದರೆ ನಮ್ಮ ದೇಶದ ಗಡಿಯಾರಕ್ಕೆ ಹಬ್ಬದ ಬೆಳಗಿನ ಹೊತ್ತಿನಲ್ಲಿ, ಅವರು ಲೋಕವೆಲ್ಲಾ ಕೇಳುವಂತೆ ಆದಿಕಾಂಡದ ಮೊದಲ ಹತ್ತು ವಚನಗಳನ್ನು ಒಬ್ಬರಾದ ಮೇಲೊಬ್ಬರು ಓದಿದರು. ಸರಕಾರದ ನೌಕರರು ಹೀಗೆ ಮಾಡಬಾರದೆಂದು ದೇವರನ್ನು ನಂಬದ ಒಬ್ಬ ಸ್ತ್ರೀಯು ಫಿರ್ಯಾದು ಹೂಡಿದಳು. ನ್ಯಾಯಸ್ಥಾನವು ಅದನ್ನು ತಳ್ಳಿಹಾಕಿತಾದರೂ ಅದರ ಪರಿಣಾಮವು ಮುಂದಿನ ಯಾತ್ರೆಯ ಮೇಲೆ ಆಯಿತು.

ಆ ಮುಂದಿನ ಸಂಗತಿಯೇ ನಮಗೆ ಮುಖ್ಯವಾದದ್ದು. 1969ನೆಯ ಜುಲೈ 20ರಂದು ಆರ್ಮ್‌ಸ್ಟ್ರಾಂಗರೂ ಆಲ್ಡ್ರಿನರೂ ಚಂದ್ರನ ಮೇಲೆ ಇಳಿದರು. ಕಾಲಿನ್ಸರು ಮೇಲೆ ಒಬ್ಬರೇ ಸುತ್ತುತ್ತಿದ್ದರು. ಇಳಿಯುವ ಸ್ಥಳದಲ್ಲಿ ಬಂಡೆಗಳು ತುಂಬಿದ್ದದರಿಂದ ನೌಕೆಯನ್ನು ಆಚೆಗೆ ನಡಿಸಬೇಕಾಯಿತು. ನೆಲ ಮುಟ್ಟಿದಾಗ ಇಳಿಯಲಿಕ್ಕಿದ್ದ ಇಂಧನವು ಒಂದು ನಿಮಿಷಕ್ಕೆ ಸಾಲುವಷ್ಟೂ ಉಳಿದಿರಲಿಲ್ಲವೆಂದು ಹೇಳುತ್ತಾರೆ. ಆಲ್ಡ್ರಿನರು ಟೆಕ್ಸಾಸ್ ಪ್ರಾಂತದ ವೆಬ್‌ಸ್ಟರ್ ಎಂಬ ಊರಿನ ಪ್ರೆಸ್ಬಿಟೇರಿಯನ್ ಸಭೆಯ ಹಿರಿಯರು. ನಮ್ಮ ಹಳ್ಳಿಗಳ ಸಭಾ ಹಿರಿಯರು ಹೇಗೋ ಹಾಗೆಯೇ. ಆ ಸಭೆಯವರು ಕೊಟ್ಟ ಒಂದು ತುಂಡು ರೊಟ್ಟಿಯನ್ನೂ, ಸ್ವಲ್ಪ ದ್ರಾಕ್ಷಾರಸವನ್ನೂ, ಬೆಳ್ಳಿಯ ಚಿಕ್ಕ ಪಾತ್ರೆಯನ್ನೂ ಅವರು ತಮ್ಮ ಸಾಮಾನಿನಲ್ಲಿ ಒಯ್ದಿದ್ದರು. ಹೊರಗೆ ಹೆಜ್ಜೆಯಿಡುವದಕ್ಕೆ ಮುಂಚೆ, ಅದೇ ಇಕ್ಕಟ್ಟಾದ ನೌಕೆಯಲ್ಲಿ, ಅವರು ಕರ್ತನ ಭೋಜನವನ್ನು ತೆಗೆದುಕೊಂಡರು. ಚಂದ್ರನಲ್ಲಿ ವಸ್ತುಗಳ ಭಾರವು ಇಲ್ಲಿಯ ಆರರಲ್ಲಿ ಒಂದು ಪಾಲು ಮಾತ್ರ. ಆದದರಿಂದ ದ್ರಾಕ್ಷಾರಸವು ಪಾತ್ರೆಯ ಅಂಚಿನಲ್ಲಿ ಮೆಲ್ಲನೆ ಸುರುಳಿಯಾಗಿ ಏರಿತೆಂದು ಅವರೇ ಮರುವರುಷ ಬರೆದು ತಿಳಿಸಿದರು. ಯೋಹಾನನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ದ್ರಾಕ್ಷೇಬಳ್ಳಿಯನ್ನೂ ಕೊಂಬೆಗಳನ್ನೂ ಕುರಿತು ಕರ್ತನು ಹೇಳಿದ ಮಾತನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಅಲ್ಲಿ ಓದಿದರು. ಆರ್ಮ್‌ಸ್ಟ್ರಾಂಗರು ಅದರಲ್ಲಿ ಪಾಲುಗೊಳ್ಳದೆ, ಮರ್ಯಾದೆಯಿಂದ ನೋಡುತ್ತಾ ಸುಮ್ಮನಿದ್ದರು.

ಇದೆಲ್ಲವೂ ಲೋಕಕ್ಕೆ ಕೇಳಿಸದಂತೆ ನಡೆಯಿತು. ಹಿಂದಿನ ಫಿರ್ಯಾದಿನ ನಿಮಿತ್ತ ಅಧಿಕಾರಿಗಳು ಇದನ್ನು ಪ್ರಕಟವಾಗಿ ಮಾಡಬೇಡಿರೆಂದು ಕೇಳಿಕೊಂಡಿದ್ದರು. ಕೇಳುವವರೆಲ್ಲರೂ ಒಂದು ಕ್ಷಣ ನಿಂತು, ಆಗಿಹೋದದ್ದನ್ನು ನೆನಸಿ, ತಮ್ಮ ತಮ್ಮ ರೀತಿಯಲ್ಲಿ ಕೃತಜ್ಞತೆ ಸಲ್ಲಿಸಲಿ ಎಂಬಷ್ಟನ್ನೇ ಆಲ್ಡ್ರಿನರು ಲೋಕಕ್ಕೆ ಹೇಳಿದರು. ಬಹುವರುಷಗಳ ಮೇಲೆ, 2009ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ, ತಾವು ಎಲ್ಲಾ ಮತಗಳ ಮನುಷ್ಯರ ಪರವಾಗಿ ಹೋದವರಾದದರಿಂದ ಹಾಗೆ ಮಾಡಿದ್ದು ಸರಿಯೋ ಎಂದು ಅವರಿಗೆ ಸಂದೇಹ ಬಂದದ್ದು ಕಾಣುತ್ತದೆ.

ಇಲ್ಲಿ ನಾವು ನಿಲ್ಲಬೇಕು. ನಮ್ಮ ಕುಟುಂಬಗಳು ಒಂದೊಂದು ಊರಿನಲ್ಲಿ ನಾಲ್ಕು ಮನೆ, ಆರು ಮನೆ. ಸುತ್ತಲಿರುವವರು ಬೇರೆ ಮಾರ್ಗದವರು. ಅವರ ಬಾವಿಯ ನೀರು ನಮ್ಮದು, ನಮ್ಮ ಕಷ್ಟಕ್ಕೆ ಅವರ ಎತ್ತು. ಹೀಗಿರಲಾಗಿ ನಂಬಿಕೆಯನ್ನು ಎಷ್ಟು ಗಟ್ಟಿಯಾಗಿ ಆಡಬೇಕು, ಎಷ್ಟು ಮೌನವಾಗಿ ನಡಿಸಬೇಕು ಎಂಬ ಪ್ರಶ್ನೆಯು ನಮಗೆ ದಿನದಿನದ್ದು. ಆಲ್ಡ್ರಿನರ ಮೌನವು ಹೇಡಿತನವೆಂದು ಕೆಲವರು ಹೇಳಬಹುದು. ನಮಗೆ ಹಾಗೆ ತೋರುವದಿಲ್ಲ. ಪಕ್ಕದವನು ತನ್ನ ರೀತಿಯಲ್ಲಿ ಕೃತಜ್ಞನಾಗಲಿ ಎಂದು ಅವನಿಗೆ ಎಡೆಗೊಟ್ಟು, ತಾನು ಮಾತ್ರ ತನ್ನ ಪಾತ್ರೆಯನ್ನು ಮರೆಯದೆ ಎತ್ತುವದು ಕ್ರಿಸ್ತನ ಶಿಷ್ಯನಿಗೆ ತಕ್ಕದ್ದೇ. ಬಾಗಿಲು ಮುಚ್ಚಿ ಗುಪ್ತವಾಗಿ ಪ್ರಾರ್ಥಿಸಬೇಕೆಂದು ಕಲಿಸಿದಾತನು ನಮ್ಮ ಕರ್ತನಲ್ಲವೋ?

ಆದರೆ ಆ ಪಾತ್ರೆಯನ್ನೆತ್ತಿದವರು ತಿರುಗಿ ಬಂದ ಮೇಲೆ ಏನಾಯಿತು ಎಂಬದನ್ನು ಮುಚ್ಚಿಡಲಾಗದು, ಅವರೇ ಮುಚ್ಚಿಡಲಿಲ್ಲ. ಲೋಕದಲ್ಲಿ ಇನ್ನು ಏರತಕ್ಕ ಎತ್ತರವಿಲ್ಲವೆಂದು ಆಲ್ಡ್ರಿನರ ಮನಸ್ಸು ಕುಗ್ಗಿತು. ಮದ್ಯಪಾನದ ದಾಸತ್ವಕ್ಕೆ ಬಿದ್ದರು. 1973ರಲ್ಲಿ ತಮ್ಮ ಮನೋವ್ಯಥೆಯನ್ನು ಪುಸ್ತಕವಾಗಿ ಬರೆದರು. 1978ರಲ್ಲಿ ಮದ್ಯವನ್ನು ಬಿಟ್ಟರು. ಚಂದ್ರನಲ್ಲಿ ಕರ್ತನ ಭೋಜನವನ್ನು ತೆಗೆದುಕೊಂಡವರಿಗೂ ಈ ಶೋಧನೆ ತಪ್ಪಲಿಲ್ಲವೆಂದ ಮೇಲೆ, ಸಾರಾಯಿಗೆ ಬಿದ್ದ ನಮ್ಮ ಸಹೋದರನನ್ನು ಸಭೆಯ ಪಟ್ಟಿಯಿಂದ ತೆಗೆಯುವದಕ್ಕೆ ಅವಸರಪಡುವವರು ಸ್ವಲ್ಪ ಯೋಚಿಸಲಿ.

1972ರ ಏಪ್ರಿಲಿನಲ್ಲಿ ಚಂದ್ರನ ಮೇಲೆ ನಡೆದಾಡಿದ ಚಾರ್ಲ್ಸ್ ಡ್ಯೂಕರು ತಮ್ಮ ಹೆಂಡತಿ ಮಕ್ಕಳ ಚಿತ್ರವೊಂದನ್ನು ಅಲ್ಲಿಯ ಧೂಳಿನಲ್ಲಿ ಇಟ್ಟುಬಂದರು. ಆದರೆ ಅವರ ಮನೆಯೊಳಗೆ ಸಮಾಧಾನವಿರಲಿಲ್ಲ. ಸಂಸಾರವು ಮುರಿಯುವ ಸ್ಥಿತಿಗೆ ಬಂದಿತ್ತು. ಮೊದಲು ಅವರ ಹೆಂಡತಿಯು ಕರ್ತನ ಕಡೆಗೆ ತಿರುಗಿದಳು. 1978ರಲ್ಲಿ ಅವರೂ ತಿರುಗಿದರು. ಅಷ್ಟು ದೂರ ಹೋಗಿಬಂದವರಿಗೆ ದೇವರು ಸಿಕ್ಕಿದ್ದು ಅಡಿಗೆಮನೆಯ ಆಚೀಚೆಯಲ್ಲಿ! ಎಳೆಯರ ಪ್ರಶ್ನೆಗೆ ನಾವು ಕಂಡ ಉತ್ತರಗಳಲ್ಲಿ ಇದು ಒಂದು. 1971ರಲ್ಲಿ ಹೋದ ಜೇಮ್ಸ್ ಅರ್ವಿನರು ಸೇವೆ ಬಿಟ್ಟು ಸುವಾರ್ತೆ ಸಾರುತ್ತಾ ತಿರುಗಿದರು. ನೋಹನ ನಾವೆಯನ್ನು ಹುಡುಕಲು ಅರರಾಟ್ ಬೆಟ್ಟವನ್ನೂ ಹತ್ತಿ, ಏನೂ ಸಿಕ್ಕದೆ ಬಂದರು. ಈ ಹುಡುಕಾಟವನ್ನು ನಾವು ಅಷ್ಟಾಗಿ ಮೆಚ್ಚುವದಿಲ್ಲ. ನಂಬಿಕೆಗೆ ಮರದ ಹಲಗೆಯ ಸಾಕ್ಷಿ ಬೇಕಾಗಿಲ್ಲ.

ಅಪೋಲೋ-13ನ್ನು ಬಿಡಲಾಗದು. 1970ನೆಯ ಏಪ್ರಿಲಿನಲ್ಲಿ, ಅರ್ಧದಾರಿ ದಾಟಿದ ಮೇಲೆ, ಪ್ರಾಣವಾಯುವಿನ ತೊಟ್ಟಿಯೊಂದು ಸಿಡಿಯಿತು. ಲೋಕದ ನಾನಾ ಕಡೆಗಳಲ್ಲಿ ಜನರು ಪ್ರಾರ್ಥಿಸಿದರು. ಅದೇ ವೇಳೆಯಲ್ಲಿ ನೆಲದ ಮೇಲಿನ ಯಂತ್ರಜ್ಞರು ನಿದ್ದೆಗೆಟ್ಟು, ರಟ್ಟು, ಚೀಲ, ಅಂಟುಪಟ್ಟಿ ಇವುಗಳಿಂದ ಉಸಿರಿನ ಕೆಟ್ಟ ಗಾಳಿಯನ್ನು ಶುದ್ಧಿಮಾಡುವ ಉಪಾಯವನ್ನು ಕಂಡುಹಿಡಿದು ಹೇಳಿಕೊಟ್ಟರು. ಮೂವರೂ ಬದುಕಿ ಬಂದರು. ಪ್ರಾರ್ಥಿಸಿ ಕೈಕಟ್ಟಿ ಕೂತುಕೊಳ್ಳುವವರಿಗೆ ಈ ರಟ್ಟಿನ ತುಂಡನ್ನು ತೋರಿಸಬೇಕು.

1972ರ ಡಿಸೆಂಬರಿನಲ್ಲಿ ಸೆರ್ನನ್, ಶ್ಮಿಟ್ ಎಂಬವರು ಮೇಲೇರಿ ಬಂದ ತರುವಾಯ ಆ ನೆಲದ ಮೇಲೆ ಮನುಷ್ಯನ ಹೆಜ್ಜೆ ಬಿದ್ದಿಲ್ಲ. ಅಲ್ಲಿ ನಡೆದವರು ಹನ್ನೆರಡೇ ಮಂದಿ. ಇನ್ನು ನಮ್ಮ ದೇಶದ ಸರದಿ. 2019ನೆಯ ಸೆಪ್ಟೆಂಬರಿನಲ್ಲಿ ನಮ್ಮ ನೌಕೆಯು ಇಳಿಯುವಾಗ ಬಿದ್ದು ಒಡೆಯಿತು. 2023ನೆಯ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪಕ್ಕೆ ನೆಟ್ಟಗೆ ಇಳಿಯಿತು. ಅದನ್ನು ನಡಿಸಿದವರು ಬೆಂಗಳೂರಿನಲ್ಲಿ ಕೂತಿದ್ದರು. 2040ರೊಳಗೆ ನಮ್ಮವನೊಬ್ಬನು ಅಲ್ಲಿ ಇಳಿಯಬೇಕೆಂದು ಸರಕಾರವು ಗುರಿ ಇಟ್ಟಿದೆ.

ನಮ್ಮ ಸೀಮೆಗೂ ಇದರಲ್ಲಿ ಒಂದು ಪಾಲುಂಟು. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಓದಿದ ಶುಭಾಂಶು ಶುಕ್ಲರು 2025ನೆಯ ಜೂನ್ 25ರಂದು ಹೊರಟು ಸುಮಾರು 400 ಕಿಲೋಮೀಟರ್ ಎತ್ತರದ ಅಂತರಿಕ್ಷ ನಿಲ್ದಾಣಕ್ಕೆ ಹೋದಾಗ, ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಸಿದ್ಧಮಾಡಿದ ಹೆಸರು ಮತ್ತು ಮೆಂತೆಯ ಕಾಳುಗಳು ಅವರ ಸಂಗಡ ಹೋದವು. ನಾವು ಹೊಲದಲ್ಲಿ ಚೆಲ್ಲುವ ಅದೇ ಹೆಸರು, ನಮ್ಮ ಹೆಣ್ಣುಮಕ್ಕಳು ಪಲ್ಯ ಮಾಡುವ ಅದೇ ಮೆಂತೆ. ಇಲ್ಲಿ ಬೇರು ಕೆಳಗೆ, ಮೊಳಕೆ ಮೇಲಕ್ಕೆ ಎಂದು ಕಾಳಿಗೆ ದಾರಿ ತೋರಿಸುವದು ಭೂಮಿಯ ಸೆಳೆತ. ಅಲ್ಲಿಯೋ ಮೇಲು ಕೆಳಗು ಎಂಬದೇ ತಿಳಿಯದು. ಮುಂದೆ ಚಂದ್ರನಿಗೆ ಹೋಗುವವರು ಬಹುದಿನ ಇರಬೇಕಾದರೆ ಹಸುರು ತಿನ್ನಬೇಕಲ್ಲಾ? ಆದದರಿಂದ ಶುಕ್ಲರು ಆ ಕಾಳುಗಳಿಗೆ ನೀರು ಕೊಟ್ಟು ದಿನದಿನವೂ ನೋಡಿದರು, ಅವು ಮೊಳೆತವು.