ಗೋಡೆಯ ಹಿಂದಿನ ಹೆಸರು

ಮೂವತ್ತೈದು ವರ್ಷದಿಂದ ಮುಂಬಯಿಯಲ್ಲಿದ್ದೇನೆ. ಊರಿಗೆ ಹೋದಾಗಲೆಲ್ಲ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ‘ಅಲ್ಲಿ ನಿಮ್ಮದು ಅಂತ ಏನೈತ್ರಿ?’ ಪರೇಲಿನಲ್ಲಿ ಎರಡು ಕೋಣೆಯ ಸ್ವಂತ ಮನೆ ಇದೆ ಎನ್ನುತ್ತೇನೆ. ಕೇಳಿದವರಿಗೆ ಸಮಾಧಾನವಾಗುತ್ತದೆ. ನನಗೂ ಆಗುತ್ತಿತ್ತು. 2019ರಲ್ಲಿ ಪ್ಯಾರಿಸ್ಸಿನ ಮಗ್ಗುಲಿನ ಒಂದು ಊರು ನೋಡಿ ಬಂದ ಮೇಲೆ ಆ ಉತ್ತರ ಮೊದಲಿನಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ.

ಊರಿನ ಹೆಸರು ದ್ರಾನ್ಸಿ. ನನ್ನ ತಂಗಿಯ ಮಗ ಬಾಡಿಗೆ ಕಡಿಮೆ ಎಂದು ಅಲ್ಲಿ ಮನೆ ಹಿಡಿದಿದ್ದ. ಹತ್ತೊಂಬತ್ತನೇ ಶತಮಾನದಲ್ಲಿ ಕೆಲವೇ ನೂರು ಜನರಿದ್ದ ಹೊಲಗದ್ದೆಯ ಹಳ್ಳಿ ಅದು. ಮೊದಲ ಮಹಾಯುದ್ಧದ ನಂತರ ಪ್ಯಾರಿಸ್ಸಿನ ದುಡಿಯುವ ಜನ ಅಗ್ಗದ ಸೈಟು ಹುಡುಕಿ ಬಂದರು. 1930ರ ದಶಕದಲ್ಲಿ ಜನಸಂಖ್ಯೆ ನಲವತ್ತು ಸಾವಿರ ದಾಟಿತು. ಈಗ ಎಪ್ಪತ್ತು ಸಾವಿರದ ಆಸುಪಾಸು. ಫ್ರಾನ್ಸಿನ ಜನಗಣತಿ ಜಾತಿ, ಧರ್ಮ ಕೇಳುವುದಿಲ್ಲವಾದ್ದರಿಂದ ಅಲ್ಲಿ ಯಾರು ಎಷ್ಟು ಎಂಬ ಲೆಕ್ಕ ಸಿಗದು. ಆದರೆ ಸಂತೆಯಲ್ಲಿ ಸುಮ್ಮನೆ ನಿಂತರೆ ಸಾಕು, ಕಿವಿಗೆ ಅರಬ್ಬಿ, ಪೋರ್ಚುಗೀಸ್, ಆಫ್ರಿಕದ ನುಡಿಗಳು, ನಡುವೆ ಒಮ್ಮೆ ತಮಿಳೂ ಬೀಳುತ್ತದೆ. ಮುಂಬಯಿಯವನಾದ ನನಗೆ ಊರು ಒಂದೇ ದಿನದಲ್ಲಿ ಹಿಡಿಸಿತು.

ಮರುದಿನ ಅಳಿಯ, ‘ಮಾಮಾ, ಒಂದು ಬಿಲ್ಡಿಂಗ್ ನೋಡೋಣ ಬಾ’ ಎಂದು ಕರೆದುಕೊಂಡು ಹೋದ. ಕುದುರೆ ಲಾಳದ ಹಾಗೆ ಮೂರು ಕಡೆ ನಿಂತ ನಾಲ್ಕಂತಸ್ತಿನ ವಠಾರ, ನಡುವೆ ಉದ್ದನೆಯ ಅಂಗಳ. ಹೆಸರು ಲಾ ಮ್ಯುಯೆತ್. ಆ ಪದಕ್ಕೆ ‘ಮೂಕಿ’ ಎಂಬ ಅರ್ಥವೂ ಇದೆಯಂತೆ. ಬೊದ್ವೆಂ ಮತ್ತು ಲೋದ್ಸ್ ಎಂಬ ವಾಸ್ತುಶಿಲ್ಪಿಗಳು 1930ರ ದಶಕದಲ್ಲಿ ಬಡವರಿಗೆಂದೇ ಕಟ್ಟಲು ಹೊರಟ ಮನೆಗಳಿವು. ಕೆಲಸ ಮುಗಿಯುವ ಮೊದಲೇ ಯುದ್ಧ ಬಂತು. 1941ರ ಆಗಸ್ಟ್ 20ರಂದು ಈ ಅರೆಬರೆ ಕಟ್ಟಡ ಯಹೂದಿಗಳನ್ನು ಕೂಡಿಹಾಕುವ ಶಿಬಿರವಾಯಿತು.

ಅದಕ್ಕೂ ಮೊದಲು, 1940ರಲ್ಲಿ, ಪ್ಯಾರಿಸ್ ಮತ್ತು ಸುತ್ತಲಿನ ಯಹೂದಿಗಳನ್ನು ಠಾಣೆಗೆ ಕರೆಸಿ ಹೆಸರು ಬರೆಸಿದ್ದರು. ಸುಮಾರು ಒಂದೂವರೆ ಲಕ್ಷ ಜನ ಕಾನೂನಿಗೆ ತಲೆಬಾಗಿ ಬರೆಸಿದರು. ಆ ಕಾರ್ಡುಗಳನ್ನು ಹಿಡಿದುಕೊಂಡೇ 1942ರ ಜುಲೈ 16, 17ರಂದು ಸುಮಾರು 13 ಸಾವಿರ ಮಂದಿಯನ್ನು ಮನೆಮನೆಯಿಂದ ಎಳೆತಂದರು. ಹಿಡಿದವರು ಜರ್ಮನರಲ್ಲ, ಫ್ರೆಂಚ್ ಪೊಲೀಸರೇ. ಫ್ರಾನ್ಸಿನಿಂದ ಸಾವಿನ ಶಿಬಿರಗಳಿಗೆ ಸಾಗಿಸಿದ 76 ಸಾವಿರ ಯಹೂದಿಗಳಲ್ಲಿ ಸುಮಾರು 63 ಸಾವಿರ ಮಂದಿ ಈ ಅಂಗಳವನ್ನು ದಾಟಿಯೇ ಹೋದವರು. ಕವಿ ಮಾಕ್ಸ್ ಜಾಕೋಬ್ 1944ರ ಮಾರ್ಚಿನಲ್ಲಿ ಇಲ್ಲಿಯೇ ಕೊನೆಯುಸಿರೆಳೆದ.

ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಕಟ್ಟಡ ಮತ್ತೆ ಬಾಡಿಗೆ ಮನೆಗಳಾಯಿತು. ಇಂದಿಗೂ ಅಲ್ಲಿ ಸಂಸಾರಗಳಿವೆ. ನಾವು ಹೋದಾಗ ಮೊದಲ ಮಹಡಿಯ ಕಿಟಕಿಯಲ್ಲಿ ಮಗುವಿನ ಬಟ್ಟೆ ಒಣಗುತ್ತಿತ್ತು. ಅಂಗಳದ ತುದಿಯಲ್ಲಿ ಸ್ಮಾರಕವಾಗಿ ನಿಲ್ಲಿಸಿದ ರೈಲು ವ್ಯಾಗನ್ನು. ನನಗೆ ಸಿಟ್ಟೇ ಬಂತು. ‘ಇಂಥ ಜಾಗದಾಗ ಹೆಂಗ ಇರ್ತಾರೋ ಇವರು?’ ಎಂದೆ.

ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರಿಗೆ ಬ್ಯಾರೆ ಕಡೆ ಮನಿ ಯಾರು ಕೊಟ್ಟಾರು ಮಾಮಾ?’ ಎಂದ.

ಮಾತು ನಿಜ. ಆಗ ಹುಟ್ಟಿಯೇ ಇರದ, ಸಮುದ್ರದಾಚೆಯಿಂದ ಹೊಟ್ಟೆಪಾಡಿಗೆ ಬಂದ ಬಾಡಿಗೆದಾರನಿಗೆ ಆ ಪಾಪ ಹೇಗೆ ಅಂಟೀತು? ಹಿಡಿದುಕೊಟ್ಟವರ ಮಕ್ಕಳು ಪ್ಯಾರಿಸ್ಸಿನ ಒಳ್ಳೆಯ ಬಡಾವಣೆಗಳಲ್ಲಿ ನಿಶ್ಚಿಂತೆಯಿಂದ ಇರುವಾಗ, ನೆನಪಿನ ಹೊರೆಯನ್ನು ಬಡವನ ತಲೆಗೆ ಕಟ್ಟುವುದು ನ್ಯಾಯವೂ ಅಲ್ಲ. ಫ್ರೆಂಚ್ ಸರ್ಕಾರವೇ ಆ ತಪ್ಪು ತನ್ನದೆಂದು ಒಪ್ಪಿಕೊಳ್ಳಲು 1995ರವರೆಗೆ, ಜಾಕ್ ಶಿರಾಕ್ ಅಧ್ಯಕ್ಷರಾಗಿ ಬರುವವರೆಗೆ ಕಾಯಬೇಕಾಯಿತು.

ಆದರೂ ಒಂದು ಸಂಗತಿ ನನ್ನನ್ನು ಬಿಡಲಿಲ್ಲ. 2009ರಲ್ಲಿ ಇಲ್ಲಿ ಕಿಟಕಿಗಳನ್ನು ಬದಲಿಸುವಾಗ ಗೋಡೆಯ ಹಿಂದೆ ಬರಹಗಳು ಸಿಕ್ಕವು. ಸೆರೆಯಲ್ಲಿದ್ದವರು ಬರೆದ, ಗೀಚಿದ ಹೆಸರುಗಳು, ಬಂದ ದಿನ, ಹೊರಟ ದಿನ. ಅರವತ್ತು ವರ್ಷ ಅದೇ ಗೋಡೆಗೆ ಕ್ಯಾಲೆಂಡರ್ ತೂಗಿಹಾಕಿ ಜನ ಬಾಳಿದ್ದರು. ಗೊತ್ತಿರಲಿಲ್ಲ, ಸರಿ. ಗೊತ್ತಾದ ಮೇಲೆ?

ನಮ್ಮಲ್ಲಿ ಪಾಪಕ್ಕೂ ಋಣಕ್ಕೂ ವ್ಯತ್ಯಾಸ ಮಾಡುತ್ತಾರೆ. ಪಾಪ ಮಾಡಿದವನದು. ಋಣ ಹಾಗಲ್ಲ, ಒಂದು ಊರಿನ ನೀರು ಕುಡಿದರೂ ಅದು ಬೆನ್ನು ಹತ್ತುತ್ತದೆ. ಬಾಡಿಗೆ ಕಟ್ಟಿದ ರಸೀದಿ ತೋರಿಸಿದರೆ ತೀರುವಂಥದ್ದಲ್ಲ. ಹಾಗೆಂದು ದಿನಾ ಅಳುತ್ತ ಕೂರಬೇಕಾಗಿಲ್ಲ. ಮಗುವಿನ ಬಟ್ಟೆ ಒಣಗಲಿ, ಅಡಿಗೆ ಆಗಲಿ. ಗೋಡೆಯ ಮೇಲಿನ ಹೆಸರನ್ನು ಅಳಿಸದಿದ್ದರೆ, ಹುಡುಕಿಕೊಂಡು ಬಂದವರನ್ನು ಬಾಗಿಲಿಂದ ಅಟ್ಟದಿದ್ದರೆ ಸಾಕು. ನಾವು ಹೊರಡುವಾಗ ಚೀಲ ಹೊತ್ತು ಬಂದ ಒಬ್ಬ ಹೆಂಗಸು ಕೇಳದೆಯೇ ರಸ್ತೆಯಾಚೆ ಕೈ ತೋರಿಸಿದಳು. ಅಲ್ಲಿ 2012ರಲ್ಲಿ ತೆರೆದ ಸ್ಮಾರಕ ಭವನವಿದೆ. ಅವಳು ತನ್ನ ಪಾಲನ್ನು ಸಲ್ಲಿಸಿದ್ದಳು.

ನನ್ನ ಪಾಲು? ಪರೇಲಿನ ನಮ್ಮ ಕಟ್ಟಡ ನಿಂತಿರುವುದು ಹತ್ತಿಗಿರಣಿಯ ಜಾಗದಲ್ಲಿ. 1982ರ ಜನವರಿಯಲ್ಲಿ ದತ್ತಾ ಸಾಮಂತರ ಕರೆಗೆ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಬಹಳಷ್ಟು ಮಂದಿಗೆ ಕೆಲಸ ಮತ್ತೆ ಸಿಗಲೇ ಇಲ್ಲ. ದ್ರಾನ್ಸಿಗೂ ಇದಕ್ಕೂ ಹೋಲಿಕೆಯಿಲ್ಲ. ಅಲ್ಲಿ ನಡೆದದ್ದು ಕೊಲೆ, ಇಲ್ಲಿ ಹೋದದ್ದು ಅನ್ನ. ಆದರೆ ನಮ್ಮ ಗೇಟಿನ ಕಟ್ಟೆಯ ಮೇಲೆ ದಿನಾ ಮಧ್ಯಾಹ್ನ, ಹಿಂದೆ ಪಾಳಿ ಬಿಡುತ್ತಿದ್ದ ಹೊತ್ತಿಗೆ, ಒಬ್ಬ ಮುದುಕ ಬಂದು ಕೂರುತ್ತಿದ್ದ. ಆ ಗಿರಣಿಯಲ್ಲೇ ನೇಯುತ್ತಿದ್ದವನಂತೆ. ಅಂದ ಕೆಡುತ್ತದೆ ಎಂದು ಸೊಸೈಟಿಯ ಸಭೆಯಲ್ಲಿ ಕಟ್ಟೆ ಒಡೆಯುವ ಠರಾವು ಬಂತು. ಕೈ ಎತ್ತಿದವರಲ್ಲಿ ನಾನೂ ಒಬ್ಬ.

ದ್ರಾನ್ಸಿಯಿಂದ ಬಂದವನೇ ವಾಚ್‌ಮನ್‌ನನ್ನು ಕೇಳಿದೆ. ‘ಆ ಆಜೋಬಾ ಬರೋದು ಬಿಟ್ಟು ವರ್ಷವಾಯ್ತು ಸಾಹೇಬ್’ ಎಂದ. ಹೆಸರು ಅವನಿಗೂ ಗೊತ್ತಿರಲಿಲ್ಲ. ಕಟ್ಟೆಯ ಜಾಗದಲ್ಲಿ ಈಗ ಹೂಕುಂಡಗಳಿವೆ.

ಊರಲ್ಲಿ ಈಗಲೂ ಕೇಳುತ್ತಾರೆ, ಅಲ್ಲಿ ನಿಮ್ಮದು ಅಂತ ಏನೈತ್ರಿ ಎಂದು. ‘ಒಂದು ಮನಿ ಐತಿ, ಅದರ ಮ್ಯಾಲೆ ಒಂದು ಸಾಲ ಐತಿ’ ಎನ್ನುತ್ತೇನೆ. ಅವರು ಬ್ಯಾಂಕಿನ ಸಾಲವೆಂದುಕೊಂಡು, ‘ಇನ್ನೂ ಎಷ್ಟು ಉಳದೈತ್ರಿ?’ ಎಂದು ವಿಚಾರಿಸುತ್ತಾರೆ.