ಬೋನಿನ ಬಾಗಿಲು ತೆರೆದ ಮೇಲೆ

ಮುಂಬಯಿಯಲ್ಲಿ ಮನೆ ಎಂದ ಮೇಲೆ ಇಲಿ ಇದ್ದೇ ಇರುತ್ತದೆ. ಪರೇಲಿನ ಚಾಳಿನ ಖೋಲಿಯಾದರೂ ಸರಿ, ಮುಲುಂಡಿನ ಹೊಸ ಕಟ್ಟಡದ ಮೇಲಿನ ಮಹಡಿಯಾದರೂ ಸರಿ, ಅದು ಪಗಡಿ ಕೊಡಬೇಕಿಲ್ಲ, ಸೊಸೈಟಿಯ ಒಪ್ಪಿಗೆ ಕೇಳಬೇಕಿಲ್ಲ. ನೀರಿನ ಕೊಳವೆಯನ್ನೋ ವಿದ್ಯುತ್ ತಂತಿಯನ್ನೋ ಹಿಡಿದು ಏರಿ ಬಂದು ಅಕ್ಕಿ ಡಬ್ಬದ ಹಿಂದೆ ಸಂಸಾರ ಹೂಡುತ್ತದೆ. ಊರು ಬಿಟ್ಟು ಬಂದ ನಾವು ಈ ನಗರದಲ್ಲಿ ನೆಲೆ ಕಂಡುಕೊಂಡದ್ದಕ್ಕಿಂತ ಸುಲಭವಾಗಿ ಅದು ಕಂಡುಕೊಂಡಿದೆ. ಮನುಷ್ಯ ಧಾನ್ಯ ಕೂಡಿಡಲು ಕಲಿತಂದಿನಿಂದ, ಸಾವಿರಾರು ವರ್ಷಗಳ ಕಾಲ, ಅವನ ಸೂರಿನಡಿಯಲ್ಲೇ ಬಾಳಿಬಂದ ಜೀವ ಅದು.

ಈ ಜೀವವನ್ನು ಏನು ಮಾಡಬೇಕು? ಪ್ರಶ್ನೆ ಅಡುಗೆಮನೆಯದು, ಆದರೆ ಸಣ್ಣದೆಂದು ತಳ್ಳಿಹಾಕುವಂಥದಲ್ಲ. ಧರ್ಮಸೂಕ್ಷ್ಮ ಎಂದೊಡನೆ ನಮಗೆ ಯುದ್ಧಭೂಮಿ, ರಾಜಸಭೆಗಳು ನೆನಪಾಗುತ್ತವೆ. ನಿಜವಾಗಿ ನೋಡಿದರೆ, ನಮ್ಮಲ್ಲಿ ಬಹುಮಂದಿಗೆ ಇನ್ನೊಂದು ಪ್ರಾಣಿಯ ಸಾವು ಬದುಕುಗಳನ್ನು ಸ್ವತಃ ನಿರ್ಣಯಿಸುವ ಅಧಿಕಾರ ಬರುವುದು ಬೋನಿನ ಬಾಗಿಲು ಬಿದ್ದ ರಾತ್ರಿ ಮಾತ್ರ. ಆ ಅಧಿಕಾರವನ್ನು ನಾವು ಹೇಗೆ ನಡೆಸುತ್ತೇವೆ ಎಂಬುದರಲ್ಲಿ ನಮ್ಮ ದಯೆಯ ತೂಕ ತಿಳಿಯುತ್ತದೆ.

ಅಂಗಡಿಯಲ್ಲಿ ಸಿಗುವ ಉಪಾಯಗಳನ್ನು ಒಮ್ಮೆ ನೋಡೋಣ. ಇಂದು ಮನೆಗಳಲ್ಲಿ ಹೆಚ್ಚಾಗಿ ಇಡುವ ಪಾಷಾಣ ರಕ್ತವನ್ನು ಹೆಪ್ಪುಗಟ್ಟಗೊಡದ ಜಾತಿಯದು. ತಿಂದ ಇಲಿ ಕೂಡಲೆ ಸಾಯುವುದಿಲ್ಲ. ಒಳಗೊಳಗೇ ರಕ್ತ ಸೋರಿ ಕೆಲವು ದಿನ ನರಳುತ್ತದೆ. ಅದನ್ನು ತಿಂದ ಗೂಬೆಗೂ ಬೆಕ್ಕಿಗೂ ಅದೇ ವಿಷ ಏರಬಹುದು. ಅಂಟುಹಲಗೆ ಇನ್ನೂ ಕ್ರೂರ. ಕಾಲು ಕಿತ್ತುಕೊಳ್ಳಲಾಗದೆ, ಬಾಯಾರಿ, ಒದ್ದಾಡಿ ಸಾಯುವ ಪ್ರಾಣಿಯನ್ನು ಹಲಗೆಯ ಸಮೇತ ಕಸದ ಬುಟ್ಟಿಗೆ ಹಾಕಿದರೆ ಆಯಿತು, ನೋಡುವ ಕಷ್ಟವೂ ಇಲ್ಲ. ಭಾರತದ ಪ್ರಾಣಿ ಕಲ್ಯಾಣ ಮಂಡಳಿ ಇದನ್ನು ಬಳಸಬಾರದೆಂದು ಸಲಹೆ ಮಾಡಿದೆ. ಇಂಗ್ಲೆಂಡಿನಲ್ಲಿ ಜನಸಾಮಾನ್ಯರು ಇದನ್ನು ಬಳಸದಂತೆ 2022ರಲ್ಲಿ ಕಾನೂನೇ ಆಯಿತು. ಇನ್ನು ಬೋನಿನಲ್ಲಿ ಹಿಡಿದು ಬಕೆಟ್ಟಿನ ನೀರಿನಲ್ಲಿ ಮುಳುಗಿಸುವ ಹಳೆಯ ರೂಢಿಯನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕಂಡಿದ್ದೇವೆ. ಅದರ ವಿಚಾರ ಹೆಚ್ಚು ಹೇಳದಿರುವುದೇ ಒಳ್ಳೆಯದು.

ಇವುಗಳ ನಡುವೆ ಜೀವಂತ ಹಿಡಿದು ಬಿಟ್ಟುಬಿಡುವ ಬೋನು ಸಜ್ಜನನಂತೆ ಕಾಣುತ್ತದೆ. ಮರದ ಪೆಟ್ಟಿಗೆಯೋ ತಂತಿಯ ಗೂಡೋ ಇರಲಿ, ಒಳಗೆ ಸುಟ್ಟ ಕೊಬ್ಬರಿಯ ಚೂರು, ಹಿಂದೆ ತಟಕ್ಕನೆ ಬೀಳುವ ಬಾಗಿಲು. ರಕ್ತವಿಲ್ಲ, ವಿಷವಿಲ್ಲ. ಬೆಳಿಗ್ಗೆ ಕೈಚೀಲದಲ್ಲಿ ಮುಚ್ಚಿ ಒಯ್ದು, ದೂರದಲ್ಲೆಲ್ಲೋ ಬಾಗಿಲೆತ್ತಿ, ಅದು ಓಡಿದ್ದನ್ನು ಕಂಡು, ಒಂದು ಪುಣ್ಯಕಾರ್ಯ ಮುಗಿಸಿದ ಸಮಾಧಾನದಿಂದ ನಾವು ಲೋಕಲ್ ಗಾಡಿ ಹಿಡಿಯುತ್ತೇವೆ. ಬೋನನ್ನು ನಾವೂ ಮೆಚ್ಚುತ್ತೇವೆ. ನಮ್ಮ ಸಂಶಯವಿರುವುದು ಆ 'ದೂರದಲ್ಲೆಲ್ಲೋ' ಎಂಬ ಮಾತಿನಲ್ಲಿ.

ಎಲ್ಲಿ ಬಿಡುತ್ತೇವೆ? ರೈಲು ಹಳಿಯ ಪಕ್ಕ, ನಾಲೆಯ ದಂಡೆ, ಖಾಲಿ ಮೈದಾನ, ಇಲ್ಲವೆ ಎದುರು ಕಟ್ಟಡದ ಕಂಪೌಂಡು. ಇಲಿಯ ಕಡೆಯಿಂದ ಯೋಚಿಸಿ. ಗೋಡೆಯಂಚಿನ ದಾರಿ, ಅಡಗುವ ಸಂದು, ಆಹಾರದ ಜಾಗ ಇವನ್ನೆಲ್ಲ ಬಲ್ಲ ಕಾರಣದಿಂದಲೇ ಅದು ಬದುಕಿತ್ತು. ಗೊತ್ತಿಲ್ಲದ ಬಯಲಿನಲ್ಲಿ, ಹಾಡುಹಗಲಿನಲ್ಲಿ ಬಿಟ್ಟರೆ ಕಾಗೆಯ ಕಣ್ಣು ತಪ್ಪಿಸಿಕೊಳ್ಳುವುದೇ ಕಷ್ಟ. 'ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ' ಎಂಬ ಗಾದೆಯ ಬೆಕ್ಕು ಅಲ್ಲೂ ಇದ್ದೇ ಇದೆ. ಸಿಕ್ಕಿದ್ದು ಮರಿ ಹಾಕಿದ ತಾಯಿಯಾದರೆ ಕಥೆ ಮತ್ತೂ ಘೋರ. ಇಲಿಮರಿಗಳು ಹುಟ್ಟುವಾಗ ಕೂದಲಿಲ್ಲ, ಕಣ್ಣು ತೆರೆದಿರುವುದಿಲ್ಲ. ಸುಮಾರು ಮೂರು ವಾರ ತಾಯಿಯ ಹಾಲೇ ಆಧಾರ. ತಾಯಿಯನ್ನು ದೂರ ಬಿಟ್ಟುಬಂದ ದಯಾಳು ನಾಲ್ಕು ದಿನಗಳ ಮೇಲೆ ಅಲಮಾರಿನ ಹಿಂದಿನಿಂದ ಬರುವ ವಾಸನೆ ಎಲ್ಲಿಯದೆಂದು ಹುಡುಕುತ್ತಾನೆ.

ಇನ್ನು ಮನುಷ್ಯರ ಕಡೆಯಿಂದ. ಈ ನಗರದಲ್ಲಿ ಯಾರದೂ ಅಲ್ಲದ ಜಾಗ ಎಂಬುದಿಲ್ಲ. ಹಳಿಯ ಪಕ್ಕ, ನಾಲೆಯ ದಂಡೆ ಎಂದು ನಾವು ಹೇಳುವಲ್ಲಿ ಝೋಪಡಿಗಳಿವೆ. ಅಲ್ಲಿ ನೆಲದ ಮೇಲೆ ಮಲಗುವ ಮಕ್ಕಳಿದ್ದಾರೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ನಾವು ಮರೆತಿಲ್ಲ. ಆ ನೀರು ಇಳಿದ ಮೇಲೆ ಹಬ್ಬಿದ ಲೆಪ್ಟೋಸ್ಪೈರೋಸಿಸ್ ಜ್ವರ ಇಲಿ ಹೆಗ್ಗಣಗಳ ಮೂತ್ರ ಬೆರೆತ ನೀರಿನಿಂದ ಬರುವಂಥದು. ಅದಕ್ಕೆ ಹೆಚ್ಚು ತುತ್ತಾಗುವವರು ಆ ನೀರಿನಲ್ಲಿ ಬರಿಗಾಲಲ್ಲಿ ನಡೆಯಬೇಕಾದ ಬಡವರು. ನಮ್ಮ ಮನೆಯ ಇಲಿಯನ್ನು ಅವರ ಮನೆಯ ಪಕ್ಕ ಬಿಟ್ಟು ಅದನ್ನು ಅಹಿಂಸೆ ಎಂದು ಕರೆಯುವುದಾದರೆ, ಆ ಅಹಿಂಸೆಯ ಖರ್ಚನ್ನು ಕೊಟ್ಟವರು ಯಾರು?

ಇಲ್ಲಿ ನಮ್ಮ ಜನ್ನ ನೆನಪಾಗುತ್ತಾನೆ. 1209ರ 'ಯಶೋಧರ ಚರಿತೆ'ಯಲ್ಲಿ ರಾಜ ಯಶೋಧರ ಜೀವಂತ ಪ್ರಾಣಿಯನ್ನು ಬಲಿ ಕೊಡಲೊಲ್ಲದೆ, ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಕೊಂದದ್ದು ಹಿಟ್ಟನ್ನು, ಆದರೂ ತಾಯಿಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮಜನ್ಮಾಂತರ ತೊಳಲಬೇಕಾಗುತ್ತದೆ. ಕೈಯಿಂದ ಜೀವ ಹೋಗದಿದ್ದರೂ ಮನಸ್ಸಿನ ಸಂಕಲ್ಪವೇ ಹಿಂಸೆ ಎಂಬುದು ಅಲ್ಲಿಯ ತತ್ತ್ವ. ನಮ್ಮ ಬೋನಿನ ಸಮಸ್ಯೆ ಇದರ ಮಗುಚಿದ ರೂಪ. ಇಲ್ಲಿ ಸಂಕಲ್ಪ ಶುದ್ಧ, ಆದರೆ ಜೀವ ಹೋಗುತ್ತದೆ. ನಾವು ನೋಡದ ಜಾಗದಲ್ಲಿ ಹೋಗುತ್ತದೆ, ಅಷ್ಟೆ. ಸಂಕಲ್ಪ ಶುದ್ಧವಾಗಿದ್ದರೆ ಸಾಕೆ? ತಿಳಿಯದೆ ಆದುದಕ್ಕೆ ಸಾಕೆನ್ನಬಹುದು. ತಿಳಿದುಕೊಳ್ಳಬಹುದಾಗಿದ್ದೂ ತಿಳಿಯಲೊಲ್ಲದೆ ಬೆನ್ನು ತಿರುಗಿಸುವುದು ಬೇರೆ ಮಾತು. ಆ ಬೆನ್ನು ತಿರುಗಿಸುವುದೂ ಒಂದು ಸಂಕಲ್ಪವೇ ಅಲ್ಲವೆ?

ಈ ಶ್ರಮವಿಭಜನೆ ನಮ್ಮ ನಗರಕ್ಕೆ ಹೊಸದಲ್ಲ. ಮುದಿ ದನ, ಬೀದಿನಾಯಿಗಳಿಗೆ ಆಶ್ರಯ ಕೊಟ್ಟ ಭುಲೇಶ್ವರದ ಪಾಂಜರಾಪೋಲು 1834ರಿಂದ ನಡೆದುಬಂದಿದೆ. ಮುಂಬಯಿಯ ಕರುಣೆಗೆ ಅದು ಸಾಕ್ಷಿ. ಅದೇ ಮುಂಬಯಿಯ ಮಹಾನಗರಪಾಲಿಕೆ ರಾತ್ರಿ ಹೊತ್ತು ಟಾರ್ಚು, ದೊಣ್ಣೆ ಹಿಡಿದು ಗಲ್ಲಿಗಲ್ಲಿ ತಿರುಗಿ ಇಲಿ ಕೊಲ್ಲುವ ನೌಕರರನ್ನೂ ಇಟ್ಟಿತು. ಒಬ್ಬೊಬ್ಬರಿಗೆ ರಾತ್ರಿಗೆ 30 ಇಲಿಗಳ ಲೆಕ್ಕ ಎಂದು ಪತ್ರಿಕೆಗಳಲ್ಲಿ ನಾವು ಓದಿದ್ದೇವೆ. ನಾವು ಬೆಳಿಗ್ಗೆ ಬಿಟ್ಟ ಇಲಿಯನ್ನು ಅವರು ರಾತ್ರಿ ಕೊಂದಿರಲೂಬಹುದು. ನಮ್ಮ ಕೈ ಶುದ್ಧವಾಗಿ ಉಳಿಯಲು ಅವರ ಕೈ ಕೊಳೆಯಾಗಬೇಕು. ಸಂಬಳವೂ ನಮ್ಮ ತೆರಿಗೆಯಿಂದಲೇ. ಕೊಲ್ಲುವವನನ್ನು ಕೀಳೆಂದೂ ಬಿಡುವವನನ್ನು ಮೇಲೆಂದೂ ಎಣಿಸುವ ಮೊದಲು ಇಷ್ಟನ್ನು ನೆನೆಯಬೇಕು.

ಹಾಗಾದರೆ ಕೊಂದೇಬಿಡಬೇಕೆ ಎಂದು ಓದುಗರು ಕೇಳಬಹುದು. ಕೊಲ್ಲಲೇಬೇಕಾದ ಸಂದರ್ಭಗಳಿವೆ ಎಂಬುದನ್ನು ಅಲ್ಲಗಳೆಯಲಾರೆವು. 1896ರಲ್ಲಿ ಮಾಂಡವಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿ, ಬೆಂಗಳೂರುಗಳನ್ನೂ ಮುಟ್ಟಿತು. 'ಇಲಿ ಬಿತ್ತು' ಎಂಬ ಎರಡು ಮಾತು ಕೇಳಿದೊಡನೆ ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಸಾಗಿಸುತ್ತದೆಂದು ಪಾಲ್ ಲೂಯಿ ಸಿಮಂಡ್ ಕರಾಚಿಯಲ್ಲಿ ತೋರಿಸಿದ್ದೂ 1898ರಲ್ಲೇ. ಮಗುವಿನ ಪ್ರಾಣ, ಇಲಿಯ ಪ್ರಾಣ ಎರಡೂ ತಕ್ಕಡಿಗೆ ಬಂದಾಗ ತೂಗುವುದರಲ್ಲಿ ಅನುಮಾನವಿಲ್ಲ. ಆಗ ಕೊಲ್ಲುವುದಾದರೆ ಒಂದೇ ಏಟಿಗೆ, ನರಳಿಸದೆ ಕೊಲ್ಲಬೇಕು. ಮಾಡಿದ್ದು ಕೊಲೆ ಎಂದು ತಿಳಿದೇ ಮಾಡಬೇಕು.

ಆದರೆ ನಮ್ಮ ಮನೆಗಳಲ್ಲಿ ಅಷ್ಟು ದೂರ ಹೋಗುವ ಅಗತ್ಯ ಅಪರೂಪ. ಇಲಿಯನ್ನು ಕರೆದವರು ನಾವೇ. ಮುಚ್ಚದ ಹಿಟ್ಟಿನ ಡಬ್ಬ, ರಾತ್ರಿಯಿಡೀ ಮೋರಿಯಲ್ಲಿ ಬಿದ್ದಿರುವ ಎಂಜಲು ಪಾತ್ರೆ, ಕೊಳವೆ ಗೋಡೆಯನ್ನು ಹೊಕ್ಕಲ್ಲಿ ಉಳಿದ ಸಂದು, ಇವೇ ಆಮಂತ್ರಣಪತ್ರಿಕೆಗಳು. ಬಾಲ್‌ಪೆನ್ನಿನಷ್ಟು ದಪ್ಪದ, ಅಂದರೆ ಸುಮಾರು 6 ಮಿಲಿಮೀಟರ್ ಸಂದು ಸಾಕು, ಸಣ್ಣ ಇಲಿ ನುಸುಳುತ್ತದೆ. ಆ ಸಂದನ್ನು ಹಾಗೇ ಬಿಟ್ಟು ವಾರಕ್ಕೊಂದು ಇಲಿ ಹಿಡಿದು ದಾಟಿಸುವವನ ದಯೆಗೆ ಕೊನೆಯೇ ಇಲ್ಲ, ಫಲವೂ ಇಲ್ಲ. ಕರೆದು ಊಟಕ್ಕೆ ಕೂರಿಸಿ ಆಮೇಲೆ ಗಡೀಪಾರು ಮಾಡಿದಂತೆ ಅದು. ಸಂದಿಗೆ ಉಕ್ಕಿನ ನಾರು ತುರುಕಿ ಸಿಮೆಂಟು ಮೆತ್ತುವ ಗಾರೆಯವನು ಉಳಿಸುವಷ್ಟು ಇಲಿಗಳನ್ನು ಯಾವ ಬೋನೂ ಉಳಿಸಲಾರದು.

ಬೋನಿಟ್ಟವರಿಗೂ ಕರ್ತವ್ಯಗಳಿವೆ. ರಾತ್ರಿ ಇಟ್ಟು ಮರುದಿನ ಮರೆತು ಊರಿಗೆ ಹೊರಟುಬಿಡಬಾರದು. ಅಷ್ಟು ಸಣ್ಣ ದೇಹ ಹಸಿವು, ಭಯಗಳನ್ನು ಬಹಳ ಹೊತ್ತು ತಾಳದು. ಕೆಲವು ಗಂಟೆಗಳಿಗೊಮ್ಮೆ ನೋಡಬೇಕು. ತಿನಿಸಿನ ಜೊತೆಗೆ ಸೌತೆಕಾಯಿಯ ಒಂದು ಹೋಳು, ಒಂದಿಷ್ಟು ಹತ್ತಿ ಇಡಬೇಕು. ಬಿಡುವುದಾದರೆ ಹೊತ್ತು ಮುಳುಗಿದ ಮೇಲೆ, ನಮ್ಮ ಕಟ್ಟಡದ ಅಂಗಳದಲ್ಲೇ, ಗಿಡಗಂಟೆಯ ಮರೆಯಲ್ಲಿ ಬಿಡಬೇಕು. ತಾಯಿಯಾಗಿದ್ದರೆ ಮರಿಗಳ ಬಳಿ ಮರಳುವ ದಾರಿಯಾದರೂ ಇರುತ್ತದೆ. ಗೂಡು ಖಾಲಿಯಾಯಿತೆಂದು ಖಾತ್ರಿಯಾದ ಮೇಲೆ ಸಂದು ಮುಚ್ಚಬೇಕು. ಹತ್ತಿರ ಬಿಟ್ಟರೆ ತಿರುಗಿ ಬರುತ್ತದಲ್ಲ ಎಂದರೆ, ನಿಜ, ಬರುತ್ತದೆ. ಪಕ್ಕದ ಮನೆಗೂ ಹೋಗಬಹುದು. ಅದಕ್ಕೇ ಇದು ಒಂದು ಮನೆಯ ಕೆಲಸವಲ್ಲ. ಸೊಸೈಟಿಯ ಸಭೆಯಲ್ಲಿ ಲಿಫ್ಟು, ಬಣ್ಣ, ಪಾರ್ಕಿಂಗುಗಳ ಜೊತೆ ಕೊಳವೆಯ ಸಂದು, ಕಸದ ಡ್ರಮ್ಮಿನ ಮುಚ್ಚಳಗಳ ಮಾತೂ ಬರಬೇಕು.

ಇಷ್ಟು ಮಾಡಿದ ಮೇಲೂ ಕೆಲವು ಇಲಿಗಳು ಸಾಯುತ್ತವೆ. ಅದಕ್ಕೆ ನಾವು ಪೂರ್ತಿ ಹೊರಗಿನವರಾಗಲಾರೆವು. ಮನೆ ಕಟ್ಟಿ, ಅಕ್ಕಿ ಕೂಡಿಟ್ಟು ಬಾಳುವ ಮನುಷ್ಯನಿಗೆ ಸಂಪೂರ್ಣ ಅಹಿಂಸೆ ಕೈಗೂಡದ ಮಾತು. ಕೈಗೂಡುವುದು ಇಷ್ಟೆ: ನೋವನ್ನು ಕಡಿಮೆ ಮಾಡುವುದು, ಉಳಿದ ನೋವನ್ನು ಬಡವನ ಬಾಗಿಲಿಗೆ ದಾಟಿಸದಿರುವುದು, ಮತ್ತು ಬೋನಿನ ಬಾಗಿಲು ತೆರೆದ ಮೇಲೆ ಇಲಿ ಎಲ್ಲಿಗೆ ಓಡಿತೆಂದು ಒಂದು ಗಳಿಗೆ ನಿಂತು ನೋಡುವುದು.